ಗುಂಪಿನಲ್ಲಿ ಇಂಟರ್‌ವ್ಯೂ: ಹೊಸ ನರ್ಸ್‌ಗಳು ತಯಾರಾಗುವುದು ಹೇಗೆ?

ಬೆಂಗಳೂರಿನ ಅಥವಾ ಮಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದು ‘ಸ್ಟಾಫ್ ನರ್ಸ್ ಬೇಕಾಗಿದ್ದಾರೆ, ಫ್ರೆಶರ್‌ಗಳೂ ಬರಬಹುದು’ ಅಂತ ವಾಕ್-ಇನ್ ಕರೆದರೆ ಬೆಳಿಗ್ಗೆಯೇ ಗೇಟಿನ ಹತ್ತಿರ ಸಾಲು ಶುರುವಾಗುತ್ತದೆ. ಅಷ್ಟೂ ಮಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಎಷ್ಟೋ ಕಡೆ ಐದಾರು ಮಂದಿಯನ್ನು ಒಟ್ಟಿಗೇ ಒಳಗೆ ಕರೆಯುತ್ತಾರೆ. ಎದುರಿಗೆ ಮೂರೋ ನಾಲ್ಕೋ ಜನರ ಪ್ಯಾನೆಲ್. ಕಾಲೇಜಿನಲ್ಲಿ ವೈವಾಕ್ಕೆ ಕೂತು ಅಭ್ಯಾಸವಿದ್ದವರಿಗೂ ಇದು ಹೊಸದು. ವೈವಾದಲ್ಲಿ ಎಕ್ಸಾಮಿನರ್ ಎದುರು ನೀವೊಬ್ಬರೇ. ಇಲ್ಲಿ ಪಕ್ಕದ ಕುರ್ಚಿಯವರೂ ಅದೇ ಕೆಲಸಕ್ಕೆ ಬಂದವರು. ನೀವು ಹೇಳಬೇಕು ಅಂದುಕೊಂಡದ್ದನ್ನು ಅವರೇ ಮೊದಲು ಹೇಳಿಬಿಡುತ್ತಾರೆ.

ಇಂಥ ಇಂಟರ್‌ವ್ಯೂ ಬಗ್ಗೆ ಹಾಸ್ಟೆಲ್‌ಗಳಲ್ಲಿ ಓಡಾಡುವ ಸಲಹೆ ಹೆಚ್ಚುಕಮ್ಮಿ ಒಂದೇ. ಮೊದಲು ಮಾತಾಡು, ಜಾಸ್ತಿ ಮಾತಾಡು, ಇಂಗ್ಲಿಷಿನಲ್ಲೇ ಮಾತಾಡು. ನನ್ನ ಪ್ರಕಾರ ಮೂರೂ ಅರ್ಧ ಸುಳ್ಳು. ಪ್ಯಾನೆಲ್‌ಗೆ ಮಾತಿನ ಮಲ್ಲಿಯರು ಬೇಕಿಲ್ಲ. ರಾತ್ರಿ ಎರಡು ಗಂಟೆಗೆ ತುಂಬಿದ ವಾರ್ಡನ್ನು ಇವರ ಕೈಗೆ ಕೊಟ್ಟರೆ ಬೆಳಗಿನ ತನಕ ರೋಗಿಗಳಿಗೆ ಏನೂ ಆಗದಂತೆ ನೋಡಿಕೊಳ್ಳುತ್ತಾರಾ? ಕೈ ಮೀರಿದಾಗ ಸರಿಯಾದ ಹೊತ್ತಿಗೆ ಯಾರನ್ನಾದರೂ ಕರೆಯುತ್ತಾರಾ? ಅವರಿಗೆ ಬೇಕಾದ ಉತ್ತರ ಇಷ್ಟೇ. ಬಾಯಲ್ಲಿ ಯಾವ ಪ್ರಶ್ನೆ ಕೇಳಿದರೂ ಒಳಗೆ ತೂಗುತ್ತಿರುವುದು ಇದನ್ನೇ. ತಯಾರಿಯೂ ಇಲ್ಲಿಂದಲೇ ಶುರುವಾಗಬೇಕು.

ಮೊದಲೇ ಒಂದು ಮಾತು. ಸರ್ಕಾರಿ ಕೆಲಸದ ದಾರಿ ಬೇರೆ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಏಮ್ಸ್‌ಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಾರ್ಸೆಟ್ ಬರೆಯಬೇಕು. ಅದು ಕಂಪ್ಯೂಟರ್ ಮೇಲಿನ ಪರೀಕ್ಷೆ, ಅಲ್ಲಿ ಪ್ಯಾನೆಲ್ ಇಲ್ಲ. ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಖಾಸಗಿ ಆಸ್ಪತ್ರೆ, ಟ್ರಸ್ಟ್ ಆಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳ ವಿಷಯ.

ಮೇಜಿನ ಆಚೆ ಯಾರಿರುತ್ತಾರೆ?

ಸಾಮಾನ್ಯವಾಗಿ ನಡುವೆ ಕೂರುವವರು ನರ್ಸಿಂಗ್ ಸೂಪರಿಂಟೆಂಡೆಂಟ್. ಕಾರ್ಪೊರೇಟ್ ಆಸ್ಪತ್ರೆಯಾದರೆ ಚೀಫ್ ನರ್ಸಿಂಗ್ ಆಫೀಸರ್ ಅನ್ನುತ್ತಾರೆ. ಅವರ ಪಕ್ಕದಲ್ಲಿ ಒಬ್ಬರು ವಾರ್ಡ್ ಇನ್‌ಚಾರ್ಜ್ ಅಥವಾ ನರ್ಸ್ ಎಜುಕೇಟರ್. ಇನ್ನೊಬ್ಬರು ಎಚ್‌ಆರ್. ಐಸಿಯು, ಎಮರ್ಜೆನ್ಸಿಯಂಥ ಕಡೆಗೆ ತೆಗೆದುಕೊಳ್ಳುವುದಾದರೆ ಒಬ್ಬ ಡಾಕ್ಟರೂ ಬಂದು ಕೂರುವುದುಂಟು. ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಮಾನ್ಯತೆ ಇರುವ ಆಸ್ಪತ್ರೆಯಾದರೆ ಕ್ವಾಲಿಟಿ ವಿಭಾಗದವರೂ ಇರಬಹುದು.

ಇವರೆಲ್ಲ ನೋಡುವುದು ಒಂದನ್ನೇ ಅಲ್ಲ. ಸೂಪರಿಂಟೆಂಡೆಂಟ್‌ಗೆ ಡ್ಯೂಟಿ ರೋಸ್ಟರ್ ತುಂಬಬೇಕು. ಇವರು ನೈಟ್ ಡ್ಯೂಟಿಗೆ ಒಪ್ಪುತ್ತಾರಾ, ಆರು ತಿಂಗಳಿಗೇ ಬಿಟ್ಟು ಹೋಗುತ್ತಾರಾ ಅನ್ನುವುದು ಅವರ ಚಿಂತೆ. ಇನ್‌ಚಾರ್ಜ್ ಸಿಸ್ಟರ್ ನಾಳೆಯಿಂದ ನಿಮ್ಮ ಜೊತೆ ನಿಂತು ಕೆಲಸ ಮಾಡುವವರು. ಕೈ ಎಷ್ಟು ಪಳಗಿದೆ, ಹೇಳಿದರೆ ಕೇಳುವ ಸ್ವಭಾವವಾ ಅಂತ ಅವರು ನೋಡುತ್ತಾರೆ. ಎಚ್‌ಆರ್ ಕಣ್ಣು ಕಾಗದಪತ್ರ, ಸಂಬಳದ ನಿರೀಕ್ಷೆ, ಮಾತಿನ ರೀತಿಯ ಮೇಲೆ. ಡಾಕ್ಟರಿಗೆ ಬೇಕಾದದ್ದು ಒಂದೇ. ರೋಗಿಯ ಸ್ಥಿತಿ ಹದಗೆಟ್ಟರೆ ಈ ಹುಡುಗಿ ನನಗೆ ಸರಿಯಾಗಿ ಹೇಳುತ್ತಾಳಾ? ಒಂದೇ ಉತ್ತರವನ್ನು ನಾಲ್ಕು ಜನ ನಾಲ್ಕು ಥರ ಕೇಳಿಸಿಕೊಳ್ಳುತ್ತಾರೆ ಅನ್ನುವುದು ನೆನಪಿದ್ದರೆ ಸಾಕು. ಪ್ರಶ್ನೆ ಕೇಳಿದವರನ್ನು ನೋಡಿ ಮಾತು ಶುರು ಮಾಡಿ, ನಡುವೆ ಉಳಿದವರ ಕಡೆಗೂ ಕಣ್ಣು ಹಾಯಿಸಿ, ಕೇಳಿದವರನ್ನೇ ನೋಡಿ ಮುಗಿಸಿ.

ವ್ಯವಸ್ಥಿತವಾಗಿ ನಡೆಸುವ ಕಡೆ ಪ್ರತಿಯೊಬ್ಬರ ಕೈಯಲ್ಲೂ ಒಂದು ಮಾರ್ಕ್ಸ್ ಶೀಟ್ ಇರುತ್ತದೆ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಅಂಕಗಳ ಕಾಲಂ. ಪ್ಯಾನೆಲ್‌ನವರು ತಮ್ಮ ಪಾಡಿಗೆ ಅಂಕ ಹಾಕಿ ಕೊನೆಗೆ ಕೂಡಿಸುತ್ತಾರೆ. ಬಾಯಿಗೆ ಬಂದಂತೆ ಕೇಳುವ ಸಂದರ್ಶನಕ್ಕಿಂತ ಹೀಗೆ ಒಂದೇ ಅಳತೆಯಲ್ಲಿ ನಡೆಸುವ ಸಂದರ್ಶನ ಒಳ್ಳೆಯ ಕೆಲಸಗಾರರನ್ನು ಗುರುತಿಸುತ್ತದೆ ಅಂತ ನೇಮಕಾತಿ ಬಗ್ಗೆ ನಡೆದ ಅಧ್ಯಯನಗಳು ತೋರಿಸಿವೆ. ನಿಮಗೆ ಇದರಿಂದ ಏನು ಲಾಭ? ಒಂದು ಪ್ರಶ್ನೆಗೆ ತಡವರಿಸಿದರೆ ಹೋದದ್ದು ಆ ಒಂದು ಕಾಲಂ ಮಾತ್ರ. ಅಷ್ಟಕ್ಕೇ ಮುಖ ಬಾಡಿಸಿಕೊಂಡು ಕೂತರೆ ಮುಂದಿನ ಕಾಲಂಗಳೂ ಹೋಗುತ್ತವೆ. ಇನ್ನೊಂದು ವಿಷಯ. ಪ್ಯಾನೆಲ್‌ನವರು ತಲೆ ಬಗ್ಗಿಸಿ ಬರೆಯುತ್ತಿದ್ದರೆ ನಿಮ್ಮ ಉತ್ತರ ಹಿಡಿಸಲಿಲ್ಲ ಅಂತ ಅರ್ಥವಲ್ಲ. ಸುಮ್ನೆ ಗಾಬರಿಯಾಗಬೇಡಿ.

ಗುಂಪಿಗೆ ಒಂದು ಕೇಸ್ ಕೊಟ್ಟರೆ

ಗುಂಪು ಸಂದರ್ಶನ ಎರಡು ಥರ ನಡೆಯುತ್ತದೆ. ಒಂದರಲ್ಲಿ ಸಾಲಾಗಿ ಕೂತವರಿಗೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ. ಇನ್ನೊಂದರಲ್ಲಿ ಎಲ್ಲರಿಗೂ ಸೇರಿ ಒಂದು ಸಂದರ್ಭ ಕೊಟ್ಟು ‘ಐದು ನಿಮಿಷ ಮಾತಾಡಿಕೊಂಡು ಹೇಳಿ’ ಅನ್ನುತ್ತಾರೆ. ಜನ ಎಡವುವುದು ಈ ಎರಡನೆಯದರಲ್ಲೇ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕೇಸ್ ಹೀಗಿದೆ ಅಂದುಕೊಳ್ಳಿ. ಜನರಲ್ ವಾರ್ಡ್, ರಾತ್ರಿ ಮೂರು ಗಂಟೆ. ಇನ್ನೊಬ್ಬ ಸಿಸ್ಟರ್ ಊಟಕ್ಕೆ ಹೋಗಿದ್ದಾರೆ. ನೀವೊಬ್ಬರು, ಒಬ್ಬ ಆಯಮ್ಮ. ಒಂದೇ ಹೊತ್ತಿಗೆ ನಾಲ್ಕು ಕಡೆಯಿಂದ ಕರೆ. ನಾಲ್ಕನೇ ಬೆಡ್ಡಿನಲ್ಲಿ ನಿನ್ನೆ ಹರ್ನಿಯಾ ಆಪರೇಷನ್ ಆದವರು, ನೋವು ಅಂತ ನರಳುತ್ತಿದ್ದಾರೆ. ಏಳನೇ ಬೆಡ್ಡಿನಲ್ಲಿ ಶುಗರ್ ಇರುವ ಹಿರಿಯರು, ಮೈಯೆಲ್ಲ ಬೆವರು, ಮಾತು ಅಡ್ಡಾದಿಡ್ಡಿ. ಒಂಬತ್ತನೇ ಬೆಡ್ಡಿನ ಡ್ರಿಪ್ ಖಾಲಿಯಾಗಿದೆ, ಅಟೆಂಡರ್ (ರೋಗಿಯ ಜೊತೆಗೆ ಬಂದ ಮನೆಯವರು) ನರ್ಸಿಂಗ್ ಸ್ಟೇಷನ್ ಹತ್ತಿರ ಬಂದು ಕೂಗಾಡುತ್ತಿದ್ದಾರೆ. ಹನ್ನೆರಡನೇ ಬೆಡ್ಡಿನ ಅಜ್ಜಿ ಬಾತ್‌ರೂಮಿಗೆ ಹೋಗಲು ಮಂಚದಿಂದ ಕಾಲು ಇಳಿಬಿಟ್ಟಿದ್ದಾರೆ. ಮೊದಲು ಯಾರ ಹತ್ತಿರ ಹೋಗುತ್ತೀರಿ?

ಮಾತು ಹೆಚ್ಚಾಗಿ ಹೀಗೆ ನಡೆಯುತ್ತದೆ.

‘ಮೊದ್ಲು ಡ್ರಿಪ್ ನೋಡ್ಬೇಕು, ಗಾಳಿ ಹೋದ್ರೆ ಡೇಂಜರ್,’ ಅಂತ ಮೊದಲ ಕುರ್ಚಿಯವಳು.

‘ಇಲ್ಲ ಇಲ್ಲ, ಏಳನೇ ಬೆಡ್. ಅದು ಹೈಪೋಗ್ಲೈಸೀಮಿಯಾ, ಶುಗರ್ ಇಳಿದಿದೆ,’ ಅಂತ ಎರಡನೆಯವಳು ಅವಳ ಮಾತು ಮುಗಿಯುವ ಮೊದಲೇ.

ಇಬ್ಬರೂ ಎರಡು ನಿಮಿಷ ಜಗ್ಗಾಡುತ್ತಾರೆ. ಉಳಿದವರು ಗೋಣು ಆಡಿಸುತ್ತಾರೆ. ಕೊನೆಯ ಕುರ್ಚಿಯಲ್ಲಿ ಅದುವರೆಗೂ ಸುಮ್ಮನಿದ್ದ ಹುಡುಗ ಆಗ ಬಾಯಿ ಬಿಡುತ್ತಾನೆ. ‘ಸಿಸ್ಟರ್ ಹೇಳಿದ್ ಸರಿ, ಏಳನೇ ಬೆಡ್ ಮೊದ್ಲು. ಆದ್ರೆ ನಾವು ಅಲ್ಲಿಗ್ ಹೋಗೋಷ್ಟರಲ್ಲಿ ಅಜ್ಜಿ ಬಿದ್ದುಬಿಡ್ತಾರೆ. ಆಯಮ್ಮನ್ನ ಅಜ್ಜಿ ಹತ್ರ ಕಳಿಸೋಣ. ಡ್ರಿಪ್ ಕ್ಲ್ಯಾಂಪ್ ಮಾಡೋಕೆ ಹೋಗ್ತಾ ಹೋಗ್ತಾ ಒಂದ್ ಸೆಕೆಂಡ್ ಸಾಕು. ಆಮೇಲೆ ಏಳನೇ ಬೆಡ್‌ಗೆ ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಶುಗರ್ ಟೆಸ್ಟ್). ನಾಲ್ಕನೇ ಬೆಡ್ಡಿನವರಿಗೆ ಬರ್ತೀನಿ ಅಂತ ಹೇಳಿ ಹೋದ್ರೆ ಅವರೂ ಸ್ವಲ್ಪ ತಡ್ಕೋತಾರೆ. ಡ್ಯೂಟಿ ಡಾಕ್ಟರ್‌ಗೆ ಫೋನ್ ಯಾವಾಗ ಮಾಡೋಣ?’

ಅವನು ಮಾತಾಡಿದ್ದು ಒಂದೇ ಸಲ. ಅಂಕ ಬೀಳುವುದು ಅವನಿಗೆ. ಯಾಕೆ ಅಂದರೆ ಏಳನೇ ಬೆಡ್ ಅಂತ ಉತ್ತರ ಹೇಳಿದ್ದಕ್ಕಲ್ಲ, ಅದನ್ನು ಎರಡನೆಯವಳೂ ಹೇಳಿದ್ದಳು. ಅವನು ಅವಳ ಮಾತು ಕೇಳಿಸಿಕೊಂಡ, ಅದನ್ನು ಒಪ್ಪಿಕೊಂಡ, ಬಿಟ್ಟುಹೋದದ್ದನ್ನು ಸೇರಿಸಿದ, ಕೆಲಸ ಹಂಚಿದ, ಕೊನೆಗೆ ಸಹಾಯಕ್ಕೆ ಯಾರನ್ನು ಕರೆಯಬೇಕು ಅನ್ನುವಲ್ಲಿಗೆ ತಂದು ನಿಲ್ಲಿಸಿದ. ವಾರ್ಡಿನಲ್ಲಿ ಹ್ಯಾಂಡೋವರ್ ಹೊತ್ತಿಗೆ, ಅಂದರೆ ಡ್ಯೂಟಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸುವ ಹೊತ್ತಿಗೆ, ಬೇಕಾದ ಗುಣವೇ ಇದು. ಎರಡನೆಯವಳಿಗೆ ವಿಷಯ ಗೊತ್ತಿತ್ತು, ಆದರೆ ಇನ್ನೊಬ್ಬರ ಮಾತನ್ನು ಅರ್ಧಕ್ಕೆ ಕಡಿದಳು. ಡಾಕ್ಟರ್ ಆರ್ಡರ್ ಹೇಳುವಾಗಲೂ ಹೀಗೇ ಮಾಡಿದರೆ ಅಂತ ಇನ್‌ಚಾರ್ಜ್ ಯೋಚಿಸದೆ ಇರುತ್ತಾರಾ?

ಮೊದಲನೆಯವಳ ‘ಗಾಳಿ’ ಬಗ್ಗೆಯೂ ಒಂದು ಮಾತು. ಡ್ರಿಪ್ ಖಾಲಿಯಾದ ಕೂಡಲೇ ಗಾಳಿ ಒಳಗೆ ನುಗ್ಗುತ್ತದೆ ಅನ್ನುವುದು ಅಟೆಂಡರ್‌ಗಳ ದೊಡ್ಡ ಭಯ. ತೂಗು ಹಾಕಿದ ಬಾಟಲಿಯಲ್ಲಿ ನೀರು ಮುಗಿದರೆ ಸಾಮಾನ್ಯವಾಗಿ ಟ್ಯೂಬಿನಲ್ಲಿ ಹರಿವು ನಿಂತುಬಿಡುತ್ತದೆ. ರಕ್ತ ಹಿಂದಕ್ಕೆ ಬಂದು ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಕಟ್ಟಿಕೊಳ್ಳುವುದೇ ಅಲ್ಲಿನ ತಾಪತ್ರಯ. ಬೇಗ ನೋಡಬೇಕು ನಿಜ, ಆದರೆ ಶುಗರ್ ಇಳಿದವರಿಗಿಂತ ಮೊದಲಲ್ಲ. ಜೋರಾಗಿ ಕೂಗುವವರ ರೋಗಿಯೇ ಹೆಚ್ಚು ಸೀರಿಯಸ್ ಅಲ್ಲ ಅಂತ ನಿಮಗೆ ಗೊತ್ತಿದೆಯಾ ಅನ್ನುವುದೇ ಈ ಕೇಸಿನ ಒಳಗುಟ್ಟು.

ಹಾಗಂತ ಕೊನೆಯ ತನಕ ಕಾದು ಒಂದೇ ಸಲ ಮಾತಾಡುವುದೂ ಸೂತ್ರವಲ್ಲ. ಕಾಯುತ್ತ ಕೂತರೆ ಐದು ನಿಮಿಷ ಮುಗಿದೇ ಹೋಗಬಹುದು. ಇಬ್ಬರು ಮಾತಾಡಿದ ಮೇಲೂ ನಿಮಗೆ ಜಾಗ ಸಿಗದಿದ್ದರೆ ‘ನಾನೊಂದು ಸೇರಿಸ್ತೀನಿ’ ಅಂತ ಮೆಲ್ಲಗೆ ಒಳಗೆ ಬನ್ನಿ. ಪಕ್ಕದವರು ಒಂದೂ ಮಾತಾಡದೆ ಕೂತಿದ್ದರೆ ‘ನೀವೇನಂತೀರಿ ಸಿಸ್ಟರ್?’ ಅಂತ ಕೇಳಿ. ಅವರಿಗೆ ಅವಕಾಶ ಕೊಟ್ಟರೆ ನಿಮ್ಮದು ಕಮ್ಮಿಯಾಗುವುದಿಲ್ಲ.

ಸಾಲು ಪ್ರಶ್ನೆಯ ಥರದಲ್ಲಿ ಬರುವ ಕಷ್ಟವೇ ಬೇರೆ. ನಿಮ್ಮ ಸರದಿ ನಾಲ್ಕನೆಯದು, ‘ಯಾಕೆ ನರ್ಸಿಂಗ್ ಆರಿಸಿಕೊಂಡಿರಿ?’ ಅಂತ ಪ್ರಶ್ನೆ. ಮೊದಲ ಮೂವರೂ ‘ಸೇವೆ ಮಾಡಬೇಕು ಅಂತ ಚಿಕ್ಕಂದಿನಿಂದ ಆಸೆ’ ಅಂದಿದ್ದಾರೆ. ನೀವೂ ಅದನ್ನೇ ಅಂದರೆ ಪ್ಯಾನೆಲ್‌ನವರು ಆಕಳಿಕೆ ತಡೆದುಕೊಳ್ಳುತ್ತಾರೆ. ನಿಜವಾದ ಕಾರಣ ಹೇಳಿ. ಅಕ್ಕ ನರ್ಸ್ ಆಗಿದ್ದಳು, ಮನೆಗೆ ಬೇಗ ಒಂದು ಸಂಬಳ ಬೇಕಿತ್ತು, ಮೊದಲ ವರ್ಷ ಇಷ್ಟವೇ ಆಗಲಿಲ್ಲ, ಮಕ್ಕಳ ವಾರ್ಡಿನ ಪೋಸ್ಟಿಂಗ್‌ನಲ್ಲಿ ಮನಸ್ಸು ಕೂತಿತು. ಇಂಥ ಉತ್ತರ ಕೇಳಿದರೆ ಅವರು ತಲೆ ಎತ್ತಿ ನೋಡುತ್ತಾರೆ.

ಕ್ಲಿನಿಕಲ್ ಪ್ರಶ್ನೆ: ಓದಿದ್ದನ್ನು ಬಾಯಲ್ಲಿ ಹೇಳುವುದು

ನಾಲ್ಕು ವರ್ಷದ ಬಿಎಸ್ಸಿ, ಮೂರು ವರ್ಷದ ಜಿಎನ್‌ಎಂ ಪುಸ್ತಕಗಳನ್ನೆಲ್ಲ ಮತ್ತೆ ಓದುವ ಅಗತ್ಯವಿಲ್ಲ. ಫ್ರೆಶರ್‌ಗೆ ಕೇಳುವುದು ಹೆಚ್ಚಾಗಿ ರೋಗಿಯ ಸುರಕ್ಷತೆಯ ಸುತ್ತಲಿನ ಪ್ರಶ್ನೆಗಳು. ಅಪರೂಪದ ಸಿಂಡ್ರೋಮ್‌ಗಳ ಹೆಸರು ಕೇಳಿ ಸೋಲಿಸುವ ಉದ್ದೇಶ ಯಾರಿಗೂ ಇರುವುದಿಲ್ಲ.

ಒಂದು ಉದಾಹರಣೆ. ‘ರಕ್ತ ಏರಿಸಿ ಹತ್ತು ನಿಮಿಷ ಆಗಿದೆ. ರೋಗಿ ಚಳಿ ಚಳಿ ಅಂತಾರೆ, ಬೆನ್ನು ನೋವು ಅಂತಾರೆ. ಏನ್ ಮಾಡ್ತೀರಿ?’ ತುಂಬಾ ಮಂದಿ ‘ಡಾಕ್ಟರ್‌ಗೆ ಇನ್‌ಫಾರ್ಮ್ ಮಾಡ್ತೀನಿ’ ಅಂತ ಶುರು ಮಾಡುತ್ತಾರೆ. ಡಾಕ್ಟರಿಗೆ ಹೇಳಲೇಬೇಕು, ಆದರೆ ಅದು ಮೊದಲನೆಯದಲ್ಲ. ಮೊದಲು ರಕ್ತ ನಿಲ್ಲಿಸಬೇಕು. ನೀವು ಫೋನ್ ಹತ್ತಿರ ಓಡುವ ಹೊತ್ತಿನಲ್ಲೂ ಅದು ಹನಿಯುತ್ತಲೇ ಇರುತ್ತದೆ ಅಲ್ವಾ? ಆಮೇಲೆ ಸೆಟ್ ಬದಲಿಸಿ ನಾರ್ಮಲ್ ಸಲೈನ್ ಹಾಕಿ ಲೈನ್ ಉಳಿಸಿಕೊಳ್ಳಬೇಕು. ಡಾಕ್ಟರಿಗೆ ಹೇಳಿ, ವೈಟಲ್ಸ್ (ನಾಡಿ, ಬಿಪಿ, ಉಸಿರು, ಜ್ವರ) ನೋಡಬೇಕು. ರೋಗಿಯ ಹೆಸರು, ಯುಎಚ್‌ಐಡಿ (ಆಸ್ಪತ್ರೆ ರೋಗಿಗೆ ಕೊಡುವ ಗುರುತಿನ ಸಂಖ್ಯೆ), ಬ್ಯಾಗಿನ ನಂಬರು, ಗ್ರೂಪ್ ಎಲ್ಲ ಮತ್ತೊಮ್ಮೆ ತಾಳೆ ನೋಡಬೇಕು. ಬ್ಯಾಗನ್ನೂ ಸೆಟ್ಟನ್ನೂ ಎಸೆಯದೆ ಬ್ಲಡ್ ಬ್ಯಾಂಕಿಗೆ ಕಳಿಸಬೇಕು. ಎಲ್ಲವನ್ನೂ ಬರೆದಿಡಬೇಕು. ಮೊದಲ 15 ನಿಮಿಷ ರೋಗಿಯ ಪಕ್ಕ ಬಿಟ್ಟು ಹೋಗುವುದಿಲ್ಲ ಅಂತಲೂ ಸೇರಿಸಿದರೆ ಇನ್‌ಚಾರ್ಜ್ ಮುಖ ಅರಳುತ್ತದೆ.

ಇದೆಲ್ಲ ನಿಮಗೆ ಗೊತ್ತೇ ಇದೆ. ಪರೀಕ್ಷೆಯಲ್ಲಿ ಬರೆದೂ ಇದ್ದೀರಿ. ಆದರೆ ಬರೆದದ್ದನ್ನು ಬಾಯಲ್ಲಿ, ಒಂದಾದ ಮೇಲೊಂದು, ಉಸಿರು ಕಟ್ಟದೆ ಹೇಳುವುದು ಬೇರೆ ವಿದ್ಯೆ. ಈಜು ಕಲಿತ ಹಾಗೆ, ನೀರಿಗೆ ಇಳಿಯದೆ ಬರುವುದಿಲ್ಲ. ರೂಮ್‌ಮೇಟ್‌ಗೆ ಪುಸ್ತಕ ಕೊಟ್ಟು ಪ್ರಶ್ನೆ ಕೇಳಿಸಿಕೊಳ್ಳಿ, ನಿಮ್ಮ ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಮೊದಲ ಸಲ ಕೇಳಿದಾಗ ಮುಜುಗರ ಆಗುತ್ತದೆ, ಆಗಲಿ. ಸಾಧ್ಯವಾದರೆ ಐದಾರು ಗೆಳತಿಯರು ಸಾಲಾಗಿ ಕೂತು, ಇಬ್ಬರು ಸೀನಿಯರ್‌ಗಳನ್ನು ಎದುರಿಗೆ ಕೂರಿಸಿಕೊಂಡು ಮಾಡಿ. ಪಕ್ಕದವರು ನಿಮ್ಮ ಉತ್ತರ ಕದ್ದಾಗ ಏನು ಮಾಡಬೇಕು ಅನ್ನುವುದು ಹಾಗೆ ಕೂತಾಗಲೇ ತಿಳಿಯುವುದು.

ಇನ್ನೊಂದು ಜಾಣ ಪ್ರಶ್ನೆ ಇದೆ. ‘ಡಾಕ್ಟರ್ ಫೋನಲ್ಲಿ ಒಂದು ಆಂಪೂಲ್ ಪೊಟ್ಯಾಸಿಯಂ ಕ್ಲೋರೈಡ್ ಐವಿ ಪುಶ್ ಕೊಡಿ ಅಂದ್ರು. ಕೊಡ್ತೀರಾ?’ ಇದು ನೆನಪಿನ ಶಕ್ತಿಯ ಪರೀಕ್ಷೆಯಷ್ಟೇ ಅಲ್ಲ, ಧೈರ್ಯದ ಪರೀಕ್ಷೆ. ಪೊಟ್ಯಾಸಿಯಂ ಕ್ಲೋರೈಡನ್ನು ನೇರವಾಗಿ ರಕ್ತನಾಳಕ್ಕೆ ಪುಶ್ ಮಾಡಿದರೆ ಹೃದಯವೇ ನಿಂತುಹೋಗಬಹುದು. ಅದನ್ನು ಬೆರೆಸಿ ನಿಧಾನಕ್ಕೆ, ಇನ್ಫ್ಯೂಷನ್ ಪಂಪಿನಲ್ಲಿ ಕೊಡಬೇಕು. ಒಳ್ಳೆಯ ಉತ್ತರ ಇಷ್ಟೇ: ‘ಕೊಡೋದಿಲ್ಲ ಮೇಡಂ. ಆರ್ಡರ್ ಬರೆದುಕೊಂಡು ಅವರಿಗೇ ಓದಿ ಹೇಳ್ತೀನಿ. ಇದು ಡೈಲ್ಯೂಟ್ ಮಾಡಿ ಕೊಡೋದಲ್ವಾ ಸರ್ ಅಂತ ಕೇಳ್ತೀನಿ. ಆದ್ರೂ ಕೊಡಿ ಅಂದ್ರೆ ಇನ್‌ಚಾರ್ಜ್‌ಗೆ ಹೇಳ್ತೀನಿ.’ ಡಾಕ್ಟರನ್ನು ಬೈಯುವ ಧಾಟಿ ಬೇಡ, ಹೆದರಿ ತಲೆಯಾಡಿಸುವುದೂ ಬೇಡ.

ಡಾಕ್ಟರಿಗೆ ಫೋನಿನಲ್ಲಿ ಹೇಳುವ ಕ್ರಮಕ್ಕೆ ಎಸ್‌ಬಾರ್ ಅಂತ ಹೆಸರು. ಅಮೆರಿಕದ ನೌಕಾಪಡೆಯ ಅಣು ಸಬ್‌ಮರೀನ್‌ಗಳಲ್ಲಿ ಹುಟ್ಟಿದ ಪದ್ಧತಿ ಇದು. ಅಲ್ಲಿನ ಕೈಸರ್ ಪರ್ಮನೆಂಟೆ ಸಂಸ್ಥೆ ಇದನ್ನು ಆಸ್ಪತ್ರೆಗೆ ತಂದಿತು. ಈಗ ಇದು ಸಂದರ್ಶನಗಳಲ್ಲಿ ಆಗಾಗ ಬರುವ ಪ್ರಶ್ನೆ. ನಾಲ್ಕು ಅಕ್ಷರ, ನಾಲ್ಕು ಹೆಜ್ಜೆ: ಈಗ ಏನಾಗಿದೆ (ಸಿಚುಯೇಷನ್), ಹಿನ್ನೆಲೆ ಏನು (ಬ್ಯಾಕ್‌ಗ್ರೌಂಡ್), ನನಗೆ ಏನನ್ನಿಸುತ್ತಿದೆ (ಅಸೆಸ್‌ಮೆಂಟ್), ನಿಮ್ಮಿಂದ ಏನಾಗಬೇಕು (ರೆಕಮೆಂಡೇಷನ್). ಬರೀ ಅಕ್ಷರಗಳನ್ನು ಬಿಡಿಸಿ ಹೇಳಿದರೆ ಅರ್ಧ ಅಂಕ. ನಮ್ಮ ಏಳನೇ ಬೆಡ್ಡಿನವರನ್ನೇ ತೆಗೆದುಕೊಂಡು ಹೇಳಿ ತೋರಿಸಿ. ‘ಸರ್, ಜನರಲ್ ವಾರ್ಡ್‌ನಿಂದ ಸ್ಟಾಫ್ ನರ್ಸ್. ಏಳನೇ ಬೆಡ್ಡಿನ ರೋಗಿಗೆ ಜಿಆರ್‌ಬಿಎಸ್ 48 ಇದೆ, ಬೆವರ್ತಿದಾರೆ, ಮಾತು ತೊದಲ್ತಿದೆ. 62 ವರ್ಷ, ಡಯಾಬಿಟಿಸ್ ಇದೆ, ರಾತ್ರಿ ಇನ್ಸುಲಿನ್ ಕೊಟ್ಟಿದೆ, ಊಟ ಅರ್ಧ ಬಿಟ್ಟಿದ್ರು. ಹೈಪೋಗ್ಲೈಸೀಮಿಯಾ ಅನ್ಸುತ್ತೆ ಸರ್. ನುಂಗೋ ಸ್ಥಿತಿ ಇಲ್ಲ, ಬಾಯಿಗೆ ಏನೂ ಕೊಟ್ಟಿಲ್ಲ. ಐವಿ ಲೈನ್ ಇದೆ, ಡೆಕ್ಸ್‌ಟ್ರೋಸ್ ರೆಡಿ ಇಟ್ಟಿದೀನಿ. ಕೊಡ್ಲಾ? ಕೂಡ್ಲೇ ಬನ್ನಿ ಸರ್.’ ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ‘ಸರ್, ಪೇಷೆಂಟ್ ಒಂಥರಾ ಇದಾರೆ, ಸ್ವಲ್ಪ ಬರ್ತೀರಾ’ ಅನ್ನುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಒಂದು ಲೆಕ್ಕವನ್ನೂ ಕೊಡುತ್ತಾರೆ. 500 ಎಂಎಲ್ ದ್ರವ, 4 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ. ನಿಮಿಷಕ್ಕೆ ಎಷ್ಟು? 500ನ್ನು 20ರಿಂದ ಗುಣಿಸಿದರೆ 10,000 ಹನಿ, 4 ಗಂಟೆ ಅಂದರೆ 240 ನಿಮಿಷ, ಭಾಗಿಸಿದರೆ ಸುಮಾರು 42. ಮೈಕ್ರೋ ಸೆಟ್ಟಾದರೆ ಎಂಎಲ್‌ಗೆ 60 ಹನಿ ಅನ್ನುವುದೂ ನೆನಪಿರಲಿ. ಎಲ್ಲರೂ ನೋಡುತ್ತಿರುವಾಗ ಗುಣಾಕಾರ ಕೈಕೊಡುತ್ತದೆ. ಪೆನ್ನು ಕಾಗದ ಕೇಳಿ ತೆಗೆದುಕೊಳ್ಳಿ, ಅದರಲ್ಲಿ ಅವಮಾನ ಏನಿಲ್ಲ. ಔಷಧದ ಲೆಕ್ಕವನ್ನು ಬರೆದು ಮಾಡುವವರನ್ನು ಕಂಡರೆ ಪ್ಯಾನೆಲ್‌ಗೆ ನೆಮ್ಮದಿಯೇ.

ಉಳಿದವು ಬೇಗ ಹೇಳುತ್ತೇನೆ. ಕೈ ತೊಳೆಯುವ ಐದು ಸಂದರ್ಭಗಳು, ಔಷಧ ಕೊಡುವಾಗಿನ ಐದು ‘ಸರಿ’ಗಳು (ಸರಿಯಾದ ರೋಗಿ, ಔಷಧ, ಡೋಸ್, ಕೊಡುವ ದಾರಿ, ಸಮಯ), ಸಿಪಿಆರ್‌ನಲ್ಲಿ ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು, 30ಕ್ಕೆ 2 ಉಸಿರು. ಸೂಜಿ ಚುಚ್ಚಿಕೊಂಡರೆ ಸೋಪು ನೀರಿನಲ್ಲಿ ತೊಳೆಯುವುದು, ಹಿಂಡದೆ ಇರುವುದು, ಕೂಡಲೇ ತಿಳಿಸುವುದು. ಎಚ್‌ಐವಿ ತಡೆಯುವ ಮಾತ್ರೆ ಆದಷ್ಟು ಬೇಗ ಶುರುವಾಗಬೇಕು, 72 ಗಂಟೆ ದಾಟಬಾರದು. ಆಸ್ಪತ್ರೆ ಕಸಕ್ಕೆ 2016ರ ನಿಯಮಗಳ ಪ್ರಕಾರ ನಾಲ್ಕು ಬಣ್ಣ: ರಕ್ತ ಮೆತ್ತಿದ ಹತ್ತಿ ಹಳದಿಗೆ, ಐವಿ ಸೆಟ್ ಕೆಂಪಿಗೆ, ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ, ಗಾಜಿನ ವಯಲ್ ನೀಲಿಗೆ. ರೋಗಿಯನ್ನು ಗುರುತಿಸಲು ಹೆಸರು ಮತ್ತು ಯುಎಚ್‌ಐಡಿ ಎರಡೂ ಬೇಕು, ಬೆಡ್ ನಂಬರ್ ಲೆಕ್ಕಕ್ಕಿಲ್ಲ. ಅದರಲ್ಲೂ ‘ನೀವು ಮಂಜುನಾಥ್ ಅಲ್ವಾ?’ ಅಂತ ಕೇಳಬಾರದು. ಕಿವಿ ಸರಿ ಕೇಳದ ಹಿರಿಯರು ಏನು ಕೇಳಿದರೂ ‘ಹೂಂ’ ಅನ್ನುತ್ತಾರೆ. ‘ನಿಮ್ಮ ಹೆಸರೇನು?’ ಅಂತ ಅವರ ಬಾಯಿಂದಲೇ ಹೇಳಿಸಬೇಕು.

ಗೊತ್ತಿಲ್ಲದ ಪ್ರಶ್ನೆ ಖಂಡಿತ ಒಂದಾದರೂ ಬರುತ್ತದೆ. ಊಹೆ ಮಾಡಿ ಡೋಸ್ ಹೇಳುವುದು ಅತ್ಯಂತ ಕೆಟ್ಟ ಉತ್ತರ. ‘ಸರಿಯಾಗಿ ಗೊತ್ತಿಲ್ಲ ಮೇಡಂ. ವಾರ್ಡಲ್ಲಾದ್ರೆ ಸೀನಿಯರ್‌ನ ಕೇಳಿ, ಡ್ರಗ್ ಬುಕ್ ನೋಡಿ ಖಾತ್ರಿ ಮಾಡ್ಕೊಂಡೇ ಕೊಡ್ತೀನಿ’ ಅಂದರೆ ಅದೂ ಉತ್ತರವೇ. ಆದರೆ ಪ್ರತಿ ಪ್ರಶ್ನೆಗೂ ಇದನ್ನೇ ಹೇಳಲು ಆಗುವುದಿಲ್ಲ ಅನ್ನಿ.

‘ಅನುಭವ ಇಲ್ಲ’ ಅನ್ನುವವರಿಗೆ

‘ಒಂದು ಕಷ್ಟದ ಸನ್ನಿವೇಶ ಹೇಳಿ’, ‘ಕೋಪದಲ್ಲಿರುವ ಅಟೆಂಡರನ್ನು ಹೇಗೆ ಸಮಾಧಾನ ಮಾಡಿದಿರಿ?’, ‘ಸೀನಿಯರ್ ತಪ್ಪು ಮಾಡುತ್ತಿರುವುದು ಕಂಡರೆ?’ ಅಂತ ಕೇಳಿದಾಗ ಫ್ರೆಶರ್‌ಗಳು ‘ನಂಗೆ ಎಕ್ಸ್‌ಪೀರಿಯನ್ಸ್ ಇಲ್ಲ’ ಅಂದುಬಿಡುತ್ತಾರೆ. ಹಾಗಾದರೆ ಪೋಸ್ಟಿಂಗ್‌ಗಳಲ್ಲಿ, ಇಂಟರ್ನ್‌ಶಿಪ್‌ನಲ್ಲಿ ಮಾಡಿದ್ದೆಲ್ಲ ಏನು? ಹೆರಿಗೆ ವಾರ್ಡ್, ಮಕ್ಕಳ ವಾರ್ಡ್, ಮಾನಸಿಕ ಆರೋಗ್ಯದ ಪೋಸ್ಟಿಂಗ್, ಹಳ್ಳಿಯ ಪಿಎಚ್‌ಸಿಯಲ್ಲಿ ಕಮ್ಯುನಿಟಿ ಪೋಸ್ಟಿಂಗ್. ಅಲ್ಲಿಂದ ನಾಲ್ಕೈದು ಘಟನೆ ಆರಿಸಿ ಬರೆದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಏನಾಗಿತ್ತು, ನಿಮ್ಮ ಪಾಲಿನ ಕೆಲಸ ಏನಿತ್ತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು ಅಂತ ಎರಡೆರಡು ಸಾಲು.

ಘಟನೆ ದೊಡ್ಡದಿರಬೇಕಿಲ್ಲ. ಕಮ್ಯುನಿಟಿ ಪೋಸ್ಟಿಂಗ್‌ನಲ್ಲಿ ಬಿಪಿ ಮಾತ್ರೆ ನಿಲ್ಲಿಸಿದ್ದ ಅಜ್ಜಿಯೊಬ್ಬರ ಮನೆಗೆ ಹೋದಿರಿ ಅನ್ನಿ. ‘ಮಾತ್ರೆ ತಗೊಳ್ಳಿ ಅಂತ ತಿಳಿಹೇಳಿದೆ’ ಅಂದರೆ ಅದು ಎಲ್ಲರೂ ಹೇಳುವ ಉತ್ತರ. ಯಾಕೆ ನಿಲ್ಲಿಸಿದರು ಅಂತ ಕೇಳಿದಿರಾ? ಮಾತ್ರೆ ತಿಂದರೆ ತಲೆ ಸುತ್ತುತ್ತದೆ ಅಂದರು. ಕೂತಾಗ, ನಿಂತಾಗ ಬಿಪಿ ಬೇರೆ ಬೇರೆ ನೋಡಿದಿರಿ, ನಿಂತಾಗ ಇಳಿಯುತ್ತಿತ್ತು, ಮೆಡಿಕಲ್ ಆಫೀಸರಿಗೆ ತಿಳಿಸಿದಿರಿ, ಅವರು ಮಾತ್ರೆ ಬದಲಿಸಿದರು. ಈ ನಾಲ್ಕು ಸಾಲಿನಲ್ಲಿ ನೀವು ಹೇಗೆ ಯೋಚಿಸುತ್ತೀರಿ ಅನ್ನುವುದು ಕಾಣುತ್ತದೆ. ನಡೆಯದ ಕಥೆ ಮಾತ್ರ ಕಟ್ಟಬೇಡಿ. ‘ನಿಂತಾಗ ಎಷ್ಟಿತ್ತು?’ ಅಂತ ಮರುಪ್ರಶ್ನೆ ಬಂದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ರೋಗಿಯ ಹೆಸರು, ಊರು ಕೂಡ ಹೇಳಬೇಡಿ. ಆರು ಜನರ ಮುಂದೆ ರೋಗಿಯ ಗುಟ್ಟು ಬಿಡುವವರು ನಾಳೆ ಲಿಫ್ಟಿನಲ್ಲೂ ಬಿಡುತ್ತಾರೆ ಅಂತ ಲೆಕ್ಕ ಹಾಕುವವರು ಎದುರಿಗೆ ಕೂತಿದ್ದಾರೆ.

ಇನ್ನು ಇಂಗ್ಲಿಷಿನ ವಿಷಯ. ಹಳ್ಳಿಯಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯರ ಅರ್ಧ ಭಯ ಇದೇ. ಪ್ಯಾನೆಲ್ ಇಂಗ್ಲಿಷಿನಲ್ಲಿ ಕೇಳುವುದು ನಿಜ. ಕೇಸ್ ಶೀಟ್ ಇಂಗ್ಲಿಷಿನಲ್ಲಿರುತ್ತದೆ, ಹ್ಯಾಂಡೋವರ್ ನೋಟ್ಸ್ ಇಂಗ್ಲಿಷಿನಲ್ಲಿ ಬರೆಯಬೇಕು, ಅಷ್ಟು ಬೇಕೇ ಬೇಕು. ಆದರೆ ವ್ಯಾಕರಣ ತಪ್ಪಿದ್ದಕ್ಕೆ ಕೆಲಸ ತಪ್ಪುವುದು ನೀವು ಅಂದುಕೊಂಡಷ್ಟು ಇಲ್ಲ. ಚಿಕ್ಕ ಚಿಕ್ಕ ವಾಕ್ಯ ಸಾಕು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ‘ಕನ್ನಡದಲ್ಲಿ ಹೇಳಬಹುದಾ ಮೇಡಂ?’ ಅಂತ ಕೇಳಿ. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಕೇರಳದಿಂದ, ಈಶಾನ್ಯದಿಂದ ಬಂದ ನರ್ಸ್‌ಗಳು ಬಹಳ. ತುಮಕೂರಿನ ಕಡೆಯ ರೈತರೊಬ್ಬರು ‘ಎದೆ ಹಿಡ್ಕೊಂಡಂಗಾಗ್ತೈತೆ’ ಅಂದರೆ ಅದನ್ನು ಅಲ್ಲೇ ಅರ್ಥ ಮಾಡಿಕೊಳ್ಳುವವರು ವಾರ್ಡಿಗೆ ಬೇಕು. ಕನ್ನಡ, ತುಳು, ಉರ್ದು, ತೆಲುಗು, ಏನೇ ಬರಲಿ, ರೆಸ್ಯೂಮೆಯಲ್ಲಿ ಬರೆಯಿರಿ. ಬಾಯಿ ಬಿಟ್ಟೂ ಹೇಳಿ. ನಾಚಿಕೊಂಡು ಮುಚ್ಚಿಡುವ ವಿಷಯವಲ್ಲ ಅದು.

ವಿದೇಶದ ಕನಸಿದ್ದವರಿಗೆ ಒಂದು ಮಾತು. ಮಂಗಳೂರು, ಉಡುಪಿ ಕಡೆಯಿಂದ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಹೋಗುವವರಿಗೆ ಪ್ಯಾನೆಲ್ ಸಂದರ್ಶನ ಆನ್‌ಲೈನಿನಲ್ಲೇ ನಡೆಯುವುದುಂಟು. ಅಲ್ಲಿ ಕೈಚಳಕದಷ್ಟೇ ಮೌಲ್ಯಗಳ ಪ್ರಶ್ನೆಗೂ ತೂಕ. 2012ರಲ್ಲಿ ಇಂಗ್ಲೆಂಡಿನ ನರ್ಸಿಂಗ್‌ಗೆ ಆರು ಮೌಲ್ಯ ಅಂತ ಗೊತ್ತುಮಾಡಿದರು: ಕಾಳಜಿ, ಕರುಣೆ, ಸಾಮರ್ಥ್ಯ, ಸಂವಹನ, ಧೈರ್ಯ, ಬದ್ಧತೆ. ಇವುಗಳಿಗೆ ನಿಮ್ಮ ಘಟನೆಗಳಿಂದ ಒಂದೊಂದು ಉದಾಹರಣೆ ಇಟ್ಟುಕೊಳ್ಳಿ. ‘ತಪ್ಪು ಔಷಧ ಕೊಟ್ಟಿರಿ, ಏನು ಮಾಡುತ್ತೀರಿ?’ ಅಂದಾಗ ನಮ್ಮವರು ರೋಗಿಯನ್ನು ನೋಡಿ, ಡಾಕ್ಟರಿಗೆ ಹೇಳಿ, ಇನ್ಸಿಡೆಂಟ್ ರಿಪೋರ್ಟ್ ಬರೆಯುವಲ್ಲಿಗೆ ನಿಲ್ಲಿಸುತ್ತಾರೆ. ಅಲ್ಲಿ ರೋಗಿಗೂ ಆದದ್ದನ್ನು ಹೇಳಿ ಕ್ಷಮೆ ಕೇಳಬೇಕು. ರೋಗಿಗೆ ಗಮನಾರ್ಹ ತೊಂದರೆಯಾದಾಗ ಹಾಗೆ ತಿಳಿಸುವುದು ಎನ್‌ಎಚ್‌ಎಸ್ ಸಂಸ್ಥೆಗಳಿಗೆ 2014ರಿಂದ ಕಾನೂನಿನ ಹೊಣೆ. ಇದನ್ನು ಬಿಟ್ಟರೆ ಉತ್ತರ ಅಪೂರ್ಣ.

ಕಾಗದ, ಸಂಬಳ, ಬಾಂಡ್

ಫೈಲಿನಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ, ನರ್ಸಿಂಗ್‌ನ ಎಲ್ಲ ವರ್ಷದ ಅಂಕಪಟ್ಟಿ, ಡಿಗ್ರಿ ಅಥವಾ ಡಿಪ್ಲೊಮಾ ಸರ್ಟಿಫಿಕೇಟ್, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ, ಬಿಎಲ್‌ಎಸ್ (ಸಿಪಿಆರ್‌ನಂಥ ಜೀವ ಉಳಿಸುವ ಮೊದಲ ಹಂತದ ತರಬೇತಿ) ಮಾಡಿದ್ದರೆ ಅದರ ಕಾರ್ಡ್, ಹೆಪಟೈಟಿಸ್ ಬಿ ಲಸಿಕೆಯ ದಾಖಲೆ. ಎರಡು ಸೆಟ್ ಜೆರಾಕ್ಸ್. ನೋಂದಣಿ ಇನ್ನೂ ಕೈಗೆ ಬಂದಿಲ್ಲದಿದ್ದರೆ ಅರ್ಜಿ ಹಾಕಿದ ರಸೀದಿ ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿ. ಬಟ್ಟೆ ಇಸ್ತ್ರಿ ಮಾಡಿದ್ದಿರಲಿ, ಉಗುರು ಕತ್ತರಿಸಿರಲಿ. ಉಗುರನ್ನು ನಿಜವಾಗಿಯೂ ನೋಡುತ್ತಾರೆ.

ಕೊನೆಗೆ ‘ನಿಮಗೇನಾದ್ರೂ ಕೇಳೋದಿದೆಯಾ?’ ಅನ್ನುತ್ತಾರೆ. ಆರು ಮಂದಿಯೂ ‘ನೋ ಮೇಡಂ’ ಅಂತ ಎದ್ದುಬಿಡುತ್ತಾರೆ. ಕೇಳಿ. ಹೊಸಬರಿಗೆ ಎಷ್ಟು ದಿನ ಓರಿಯೆಂಟೇಷನ್? ಮೊದಲ ನೈಟ್ ಡ್ಯೂಟಿಯಲ್ಲಿ ಜೊತೆಗೆ ಸೀನಿಯರ್ ಇರುತ್ತಾರಾ? ಒಬ್ಬ ನರ್ಸಿಗೆ ಎಷ್ಟು ರೋಗಿಗಳು? ಇವು ಜಂಬದ ಪ್ರಶ್ನೆಗಳಲ್ಲ, ಕೆಲಸ ಗೊತ್ತಿರುವವರ ಪ್ರಶ್ನೆಗಳು.

ಸಂಬಳದ ಮಾತನ್ನು ಗುಂಪಿನಲ್ಲಿ ಎತ್ತಬೇಡಿ, ಎಚ್‌ಆರ್ ಜೊತೆ ಬೇರೆಯಾಗಿ ಕೂತಾಗ ಕೇಳಿ. ಹೋಗುವ ಮೊದಲು ಒಂದು ವಿಷಯ ತಿಳಿದಿರಲಿ. ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಇರಬೇಕು, ಅತಿ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಮ್ಮಿ ಇರಬಾರದು ಅಂತ ಅದು ಶಿಫಾರಸು ಮಾಡಿತು. ಶಿಫಾರಸು ಅಂದರೆ ಶಿಫಾರಸು ಅಷ್ಟೇ, ಎಲ್ಲ ಕಡೆ ಕೊಡುತ್ತಾರೆ ಅಂತಲ್ಲ. ಆದರೆ ಅವರು ಹೇಳುವ ಅಂಕಿ ಅದರಿಂದ ಎಷ್ಟು ದೂರ ಇದೆ ಅಂತ ನಿಮಗಾದರೂ ಗೊತ್ತಿರಬೇಕಲ್ಲ.

ಬಾಂಡ್ ಅಂದರೆ ಇಷ್ಟು ವರ್ಷ ಬಿಟ್ಟು ಹೋಗುವಂತಿಲ್ಲ, ಹೋದರೆ ಇಷ್ಟು ದುಡ್ಡು ಕಟ್ಟಬೇಕು ಅನ್ನುವ ಒಪ್ಪಂದ. ಅಲ್ಲೇ ಕೂತು ಸಹಿ ಹಾಕಬೇಡಿ, ಒಂದು ಪ್ರತಿ ಕೇಳಿ ಮನೆಗೆ ತಂದು ಓದಿ. ಒರಿಜಿನಲ್ ಸರ್ಟಿಫಿಕೇಟ್ ನಮ್ಮಲ್ಲೇ ಇರಲಿ ಅಂದರೆ ತೋರಿಸಿ ವಾಪಸ್ ತೆಗೆದುಕೊಳ್ಳಿ, ಜೆರಾಕ್ಸ್ ಕೊಡಿ. ಅದಕ್ಕೂ ಒಪ್ಪದಿದ್ದರೆ ಆ ಆಸ್ಪತ್ರೆಯ ಬಗ್ಗೆ ಅಲ್ಲಿ ಕೆಲಸ ಮಾಡುವ ಸೀನಿಯರ್‌ಗಳನ್ನು ವಿಚಾರಿಸುವುದು ಒಳ್ಳೆಯದು. ‘ಸೋಮವಾರ ಬಂದು ಜಾಯಿನ್ ಆಗಿ’ ಅಂತ ಬಾಯಿಮಾತಲ್ಲಿ ಹೇಳಿದರೆ ಖುಷಿಯಿಂದ ಹೂಂ ಅನ್ನಿ. ಜೊತೆಗೆ ಆಫರ್ ಲೆಟರನ್ನು ಮೇಲ್‌ಗೆ ಕಳಿಸಲು ಹೇಳಿ. ಅದರಲ್ಲಿ ಸಂಬಳ, ಕೈಗೆ ಬರುವ ಮೊತ್ತ, ಹಾಸ್ಟೆಲ್ ಖರ್ಚು ಕಡಿಯುತ್ತಾರಾ, ಬಾಂಡ್ ಅವಧಿ, ವಾರದ ರಜೆ ಇಷ್ಟೂ ಇದೆಯಾ ಅಂತ ನೋಡಿಕೊಂಡು ಆಮೇಲೆ ಪೆಟ್ಟಿಗೆ ಕಟ್ಟಿ.